ಇಲ್ಲದ ನಾಡಿನ ನಕ್ಷೆ ಕೈಕೊಟ್ಟಾಗ

ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಪುಟ್ಟ ಊರು. 1881ರ ಬೇಸಿಗೆ. ಹೆಸರಿಗಷ್ಟೇ ಬೇಸಿಗೆ, ಹೊರಗೆ ಕಾಲಿಡಲು ಬಿಡದ ಮಳೆ. ರಜೆಗೆಂದು ಬಂದು ಮನೆಯೊಳಗೆ ಸಿಕ್ಕಿಬಿದ್ದ ಹುಡುಗನೊಬ್ಬ ಬಣ್ಣದ ಪೆಟ್ಟಿಗೆ ಬಿಚ್ಚಿ ಚಿತ್ರ ಬರೆಯುತ್ತ ಕುಳಿತ. ಅವನ ಮಲತಂದೆಗೂ ಹೊತ್ತು ಹೋಗುತ್ತಿರಲಿಲ್ಲ. ಆತನೂ ಪಕ್ಕದಲ್ಲಿ ಕುಳಿತು ಒಂದು ದ್ವೀಪದ ನಕ್ಷೆ ಬರೆದ. ಕೊಲ್ಲಿ, ಬೆಟ್ಟ, ಬಂದರುಗಳಿಗೆ ಹೆಸರಿಟ್ಟ. ನೋಡುನೋಡುತ್ತಲೇ ಆ ಕಾಗದದ ಕಾಡಿನ ಸಂದಿಯಿಂದ ಕಡಲ್ಗಳ್ಳರು ಇಣುಕತೊಡಗಿದರು.

ಆ ಮಲತಂದೆಯೇ ರಾಬರ್ಟ್ ಲೂಯಿ ಸ್ಟೀವನ್‌ಸನ್. ಆ ದ್ವೀಪದಿಂದ ಹುಟ್ಟಿದ್ದು 'ಟ್ರೆಷರ್ ಐಲೆಂಡ್' ಕಾದಂಬರಿ. ನಕ್ಷೆ ಮೊದಲು, ಕತೆ ಆಮೇಲೆ. ಕಾದಂಬರಿ ಪುಸ್ತಕವಾಗಿ ಬಂದದ್ದು 1883ರಲ್ಲಿ. ಅದಕ್ಕೆ ಮುನ್ನ ಹಸ್ತಪ್ರತಿಯ ಜೊತೆಗೆ ನಕ್ಷೆಯನ್ನೂ ಪ್ರಕಾಶಕರಿಗೆ ಕಳಿಸಿದ್ದಾಯಿತು. ಅಚ್ಚಿನ ಕರಡು ಬಂತು, ನಕ್ಷೆಯ ಸುದ್ದಿಯೇ ಇಲ್ಲ. ವಿಚಾರಿಸಿದರೆ ಅದು ಅವರ ಕೈ ಸೇರಿಯೇ ಇರಲಿಲ್ಲ! ಸ್ಟೀವನ್‌ಸನ್ ತನ್ನದೇ ಪುಸ್ತಕವನ್ನು ಮೊದಲಿನಿಂದ ಓದಿ, ಯಾವ ಗುಡ್ಡ ಯಾವ ದಿಕ್ಕಿಗಿದೆ ಎಂಬುದನ್ನೆಲ್ಲ ಪಟ್ಟಿ ಮಾಡಿ, ಕೈವಾರ ಹಿಡಿದು ಮತ್ತೊಂದು ನಕ್ಷೆ ಬರೆಯಬೇಕಾಯಿತು. 1894ರ ಲೇಖನವೊಂದರಲ್ಲಿ ಈ ಪ್ರಸಂಗವನ್ನು ಹೇಳಿಕೊಂಡಿರುವ ಆತ, ಆ ಎರಡನೆಯ ನಕ್ಷೆ ತನ್ನ ಮನಸ್ಸಿಗೆ ಕೊನೆಗೂ ನಿಜವಾದ ಟ್ರೆಷರ್ ಐಲೆಂಡ್ ಎನಿಸಲಿಲ್ಲವೆಂದು ಬರೆದಿದ್ದಾನೆ.

ಒಂದೇ ಒಂದು ಪ್ರತಿ, ಅದೂ ಅಂಚೆಯಲ್ಲಿ. ಇಂದಿನ ಮಕ್ಕಳಿಗೆ ಆ ಫಜೀತಿ ಎಲ್ಲಿಯದು ಎನ್ನಿಸಬಹುದು. ಕಂಪ್ಯೂಟರ್ ಇದೆಯಲ್ಲ! ಆದರೆ ಕಲ್ಪನೆಯ ನಾಡಿಗೆ ನಕ್ಷೆ ಬರೆಯುವ ತಂತ್ರಾಂಶಗಳನ್ನು ಹಿಡಿದು ಕುಳಿತ ಮಕ್ಕಳು ಅಳುಮೋರೆ ಮಾಡಿಕೊಂಡು ಏಳುವುದಕ್ಕೆ ಇವತ್ತಿಗೂ ಮೊದಲ ಕಾರಣ ಇದೇ: ಮೂರು ವಾರದ ಕೆಲಸ, ಒಂದೇ ಪ್ರತಿ, ಅದೂ ಮಾಯ.

ಈ ತಂತ್ರಾಂಶಗಳದ್ದು ಈಗ ಒಂದು ಸಣ್ಣ ಪೇಟೆಯೇ ಇದೆ. ಬ್ರಿಟನ್ನಿನ ಪ್ರೊಫ್ಯಾಂಟಸಿ ಸಂಸ್ಥೆಯ 'ಕ್ಯಾಂಪೇನ್ ಕಾರ್ಟೋಗ್ರಾಫರ್' 1993ರಿಂದಲೂ ಇರುವ ಹಿರಿಯಣ್ಣ. ಬ್ರೌಸರಿನಲ್ಲೇ ನಡೆಯುವ 'ಇಂಕಾರ್ನೇಟ್' ಚಂದಾ ಕೇಳುತ್ತದೆ, ಮಿತಿಗಳಿರುವ ಉಚಿತ ಆವೃತ್ತಿಯನ್ನೂ ಕೊಡುತ್ತದೆ. 'ವಂಡರ್‌ಡ್ರಾಫ್ಟ್' ಒಮ್ಮೆ ಹಣ ಕೊಟ್ಟು ಕೊಳ್ಳುವಂಥದ್ದು. 'ಅಜ್‌ಗಾರ್' ಎಂಬ ಗುಪ್ತನಾಮದ ತಂತ್ರಜ್ಞ ರೂಪಿಸಿದ 'ಫ್ಯಾಂಟಸಿ ಮ್ಯಾಪ್ ಜನರೇಟರ್' ಪೂರ್ತಿ ಉಚಿತ. ಒಂದು ಗುಂಡಿ ಒತ್ತಿದರೆ ಖಂಡ, ನದಿ, ರಾಜ್ಯ, ಊರು ಎಲ್ಲವನ್ನೂ ತಾನೇ ಹುಟ್ಟಿಸಿ ಮುಂದಿಡುತ್ತದೆ. ಸ್ವಭಾವ ನಾಲ್ಕಕ್ಕೂ ಬೇರೆ ಬೇರೆ. ಆದರೆ ಇವು ಕೆಟ್ಟು ನಿಂತಂತೆ ಕಾಣುವ ಹತ್ತು ಸಂದರ್ಭಗಳಲ್ಲಿ ಹೆಚ್ಚಿನವು ನಿಜಕ್ಕೂ ಕೆಟ್ಟಿದ್ದಲ್ಲ. ತಂತ್ರಾಂಶ ಹೇಳಿದ್ದನ್ನೇ ಮಾಡಿರುತ್ತದೆ. ಹೇಳಿದ್ದೇನು ಎಂಬುದು ಹೇಳಿದವರಿಗೇ ಗೊತ್ತಿರುವುದಿಲ್ಲ.

ದೋಸೆ ಬೇರೆ, ಹಿಟ್ಟು ಬೇರೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಸರಾ ರಜೆಯಲ್ಲಿ ಏಳು ರಾಜ್ಯಗಳ ಒಂದು ಖಂಡ ಕಟ್ಟಿದಳೆನ್ನಿ. ಚೆಂದದ ಚಿತ್ರವೊಂದನ್ನು ಹೊರತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಶಾಲೆ ಶುರುವಾಯಿತು. ತಿಂಗಳ ಮೇಲೆ ಒಂದು ಊರಿನ ಹೆಸರು ಬದಲಿಸಬೇಕೆನಿಸಿ ಅದೇ ಚಿತ್ರವನ್ನು ತೆರೆದರೆ ಅಕ್ಷರ ಅಲುಗುತ್ತಿಲ್ಲ, ಬೆಟ್ಟ ಜರುಗುತ್ತಿಲ್ಲ.

ಜರುಗುವುದೂ ಇಲ್ಲ. ಪಿಎನ್‌ಜಿ, ಜೆಪಿಇಜಿ ಎಂಬ ಚಿತ್ರಗಳು ಕಾವಲಿಯಿಂದ ಎದ್ದ ದೋಸೆಯ ಹಾಗೆ. ತಿನ್ನಬಹುದು, ಹಂಚಬಹುದು, ಮರಳಿ ಹಿಟ್ಟು ಮಾಡಲು ಬಾರದು. ಹಿಟ್ಟು ಎಂದರೆ ತಂತ್ರಾಂಶದ ಸ್ವಂತ ಕಡತ. ಬೆಟ್ಟ ಎಲ್ಲಿದೆ, ಹೆಸರೇನು, ಯಾವ ರಾಜ್ಯಕ್ಕೆ ಸೇರಿದ್ದು ಎಂಬ ಲೆಕ್ಕವೆಲ್ಲ ಇರುವುದು ಅಲ್ಲಿ. ಅಜ್‌ಗಾರನ ತಂತ್ರಾಂಶದಲ್ಲಿ ಅದು 'ಡಾಟ್ ಮ್ಯಾಪ್' ಎಂಬ ಬಾಲವಿರುವ ಕಡತ. ಚಿತ್ರ ತೆಗೆಯುವುದಕ್ಕೆ 'ಎಕ್ಸ್‌ಪೋರ್ಟ್', ಕಡತ ಉಳಿಸುವುದಕ್ಕೆ 'ಸೇವ್'. ಎರಡೂ ಬೇಕು.

ಇದೇ ತಂತ್ರಾಂಶದಲ್ಲಿ ಇನ್ನೊಂದು ಗುಂಡಿಯಿದೆ. ನಕ್ಷೆಯನ್ನು ಬ್ರೌಸರಿನ ಉಗ್ರಾಣದಲ್ಲೇ ಉಳಿಸಬಹುದು, ನಮ್ಮ ಯಂತ್ರದೊಳಕ್ಕೂ ಇಳಿಸಿಕೊಳ್ಳಬಹುದು. ಮೊದಲನೆಯದು ಸಲೀಸು, ಆದ್ದರಿಂದ ಮಕ್ಕಳು ಅದನ್ನೇ ಒತ್ತುತ್ತಾರೆ. ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್. ಅದು ನಿಧಾನವಾಯಿತೆಂದು ಅಪ್ಪನೋ ಅಣ್ಣನೋ ಒಂದು ಭಾನುವಾರ ಬ್ರೌಸರಿನ ಹಳೆಯ ದಾಖಲೆಗಳನ್ನೆಲ್ಲ ಗುಡಿಸಿ ಹಾಕುತ್ತಾರೆ. ಏಳು ರಾಜ್ಯಗಳೂ ಆ ಕಸದ ಜೊತೆಗೆ ಹೋಗುತ್ತವೆ. ಗುಡಿಸಿದವರಿಗೆ ತಾವು ಮಾಡಿದ್ದೇನೆಂಬುದೇ ತಿಳಿದಿರುವುದಿಲ್ಲ; ಬೈಸಿಕೊಂಡು ಬೆಪ್ಪಾಗಿ ನಿಲ್ಲುತ್ತಾರೆ. ಆದ್ದರಿಂದ ಕಡತ ಯಂತ್ರದಲ್ಲಿರಲಿ, ಅದರ ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಪ್ರತಿ ದಿನದ ಕಡತಕ್ಕೂ ಆ ದಿನಾಂಕದ ಹೆಸರಿರಲಿ. ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಉಳಿಸಿದರೆ ನಿನ್ನೆಯ ಸರಿ ನಕ್ಷೆಯನ್ನು ಇಂದಿನ ತಪ್ಪು ನಕ್ಷೆ ನುಂಗುತ್ತದೆ.

ಅಜ್‌ಗಾರನ ತಂತ್ರಾಂಶದಲ್ಲಿ ಬೆಟ್ಟದ ಎತ್ತರ ತಿದ್ದಲು ಹೋದಾಗ ಮೂರು ದಾರಿಗಳು ಎದುರಾಗುತ್ತವೆ: 'ಇರೇಸ್', 'ಕೀಪ್', 'ರಿಸ್ಕ್'. ಇದನ್ನು ಓದದೆ ಒತ್ತುವವರೇ ಹೆಚ್ಚು. ಇರೇಸ್ ಎಂದರೆ ಊರು, ರಾಜ್ಯ, ದಾರಿಗಳನ್ನೆಲ್ಲ ಅಳಿಸಿ ಹೊಸ ನೆಲದ ಮೇಲೆ ಹೊಸದಾಗಿ ಹುಟ್ಟಿಸುವುದು. ಕೀಪ್ ಎಂದರೆ ಎಲ್ಲ ಉಳಿಯುತ್ತದೆ, ಆದರೆ ಕಡಲನ್ನು ನೆಲ, ನೆಲವನ್ನು ಕಡಲು ಮಾಡುವಂತಿಲ್ಲ. ರಿಸ್ಕ್ ಹೆಸರೇ ಹೇಳುವಂತೆ ಅಪಾಯದ ದಾರಿ. ಮಾಡಿಕೊಡುತ್ತದೆ, ಎಡವಟ್ಟಾದರೆ ಹೊಣೆ ನಿಮ್ಮದು. ಒಂದು ಗುಡ್ಡ ಎತ್ತರಿಸಲು ಹೋಗಿ ಇಡೀ ಸಾಮ್ರಾಜ್ಯ ಕಳೆದುಕೊಂಡವರು ಸಾಮಾನ್ಯವಾಗಿ ಮೊದಲನೆಯದನ್ನು ಒತ್ತಿದವರು.

ಬೆಟ್ಟ ಎಲ್ಲಿ ಹೋಯಿತು?

'ಬೆಟ್ಟ ಇಟ್ಟೆ, ಕಾಣಿಸುತ್ತಿಲ್ಲ. ಮತ್ತೆ ಇಟ್ಟೆ, ಆಗಲೂ ಇಲ್ಲ.' ಈ ದೂರು ಕ್ಯಾಂಪೇನ್ ಕಾರ್ಟೋಗ್ರಾಫರ್ ಬಳಸುವ ಹೊಸಬರದ್ದು. ಸಿಟ್ಟಿನಲ್ಲಿ ಹತ್ತು ಸಲ ಇಟ್ಟಿರುತ್ತಾರೆ. ಆಮೇಲೊಂದು ದಿನ ಏನೋ ಒತ್ತಿದಾಗ ಹತ್ತೂ ಬೆಟ್ಟಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ.

ನಕ್ಷೆಯನ್ನು ಒಂದೇ ಕಾಗದವೆಂದು ತಿಳಿಯುವುದರಿಂದ ಬರುವ ತೊಂದರೆ ಇದು. ಹಲವು ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಊಹಿಸಿಕೊಳ್ಳಿ. ತಳದಲ್ಲಿ ಕಡಲು, ಅದರ ಮೇಲೆ ನೆಲ, ನೆಲದ ಮೇಲೆ ನದಿ, ಆಮೇಲೆ ಬೆಟ್ಟ, ಎಲ್ಲದರ ಮೇಲೆ ಹೆಸರುಗಳು. ಬೆಟ್ಟವನ್ನು ನೆಲದ ಹಾಳೆಗಿಂತ ಕೆಳಗಿನ ಹಾಳೆಯಲ್ಲಿಟ್ಟರೆ ಅದು ಮಣ್ಣಿನಡಿ ಹೂತುಹೋಗುತ್ತದೆ. ಇರುತ್ತದೆ, ಕಾಣುವುದಿಲ್ಲ. ಇಲ್ಲವೇ ಆ ಹಾಳೆಯನ್ನೇ 'ಮರೆಮಾಡು' ಎಂದು ಗುರುತಿಸಿರಬಹುದು. ಏನಾದರೂ ಮಾಯವಾದಾಗ ಅದನ್ನು ಮತ್ತೆ ಬರೆಯುವ ಮುನ್ನ ಪದರಗಳ ಪಟ್ಟಿ ತೆರೆದು, ಯಾವುದು ಮರೆಯಲ್ಲಿದೆ, ಯಾವುದು ಯಾವುದರ ಮೇಲಿದೆ ಎಂದು ನೋಡಬೇಕು. ಕ್ಯಾಂಪೇನ್ ಕಾರ್ಟೋಗ್ರಾಫರ್‌ನಲ್ಲಿ 'ಶೀಟ್' ಬೇರೆ, 'ಲೇಯರ್' ಬೇರೆ. ಮೊದಲನೆಯದು ಯಾವುದು ಮೇಲೆ ಯಾವುದು ಕೆಳಗೆ ಎಂಬುದಕ್ಕೆ. ಎರಡನೆಯದು ಇದು ಮರ, ಇದು ಮನೆ ಎಂದು ವಿಂಗಡಿಸುವುದಕ್ಕೆ. ಎರಡನ್ನೂ ಒಂದೇ ಎಂದುಕೊಂಡವರು ಬಹಳ ದಿನ ಒದ್ದಾಡುತ್ತಾರೆ.

ಈ ತಂತ್ರಾಂಶದ ಬೇರು ಎಂಜಿನಿಯರುಗಳು ಕಟ್ಟಡದ ಪ್ಲಾನ್ ಬರೆಯುವ ತಂತ್ರಾಂಶಗಳಲ್ಲಿದೆ. ಹಾಗಾಗಿ ನಡೆನುಡಿಯೂ ಅವರದ್ದೇ. ಏನು ಒತ್ತಿದರೂ ಸುಮ್ಮನಿದೆಯೆಂದರೆ ಅದು ಸತ್ತಿಲ್ಲ. ಪರದೆಯ ಕೆಳಗಿನ ಸಾಲಿನಲ್ಲಿ ಪ್ರಶ್ನೆಯೊಂದನ್ನು ಕೇಳಿ ಉತ್ತರಕ್ಕಾಗಿ ಕಾಯುತ್ತಿದೆ. ಗೆರೆ ಮುಗಿಯಿತೆಂದು ಹೇಳಲು ಮೌಸಿನ ಬಲಗುಂಡಿ ಒತ್ತಬೇಕು. ಆ ಸಣ್ಣ ಸಾಲನ್ನು ಓದುವ ಅಭ್ಯಾಸವಾದರೆ ಅರ್ಧ ಜಗಳ ಮುಗಿದಂತೆ.

ಇದರಲ್ಲೇ ಕಾಣಿಸುವ ಇನ್ನೊಂದು ಭೂತವೆಂದರೆ ಕೆಂಪು ಗುಣಾಕಾರ ಚಿಹ್ನೆ. ಮನೆಯಲ್ಲಿ ಸರಿಯಾಗಿದ್ದ ನಕ್ಷೆಯನ್ನು ಗೆಳೆಯನ ಕಂಪ್ಯೂಟರಿನಲ್ಲಿ ತೆರೆದರೆ ಹುಲ್ಲುಗಾವಲಿದ್ದ ಕಡೆಯೆಲ್ಲ ಕೆಂಪು ಗೀಟು. ವೈರಸ್ ಎಂದು ಹೆದರಬೇಕಿಲ್ಲ. ಕಡತದೊಳಗೆ ಹುಲ್ಲಿನ ಚಿತ್ರ ಇರುವುದಿಲ್ಲ, ಆ ಚಿತ್ರ ಯಾವ ಕಪಾಟಿನಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಗೆಳೆಯನ ಯಂತ್ರದಲ್ಲಿ ಆ ವಿಳಾಸಕ್ಕೆ ಹೋದರೆ ಮನೆಯೇ ಇಲ್ಲ. ನಕ್ಷೆಯ ಜೊತೆಗೆ ಬಳಸಿದ ಚಿತ್ರಸಂಗ್ರಹವೂ ಅದೇ ಜಾಗದಲ್ಲಿ ಇರುವಂತೆ ನೋಡಿಕೊಂಡರೆ ಗೀಟು ಹೋಗುತ್ತದೆ.

ಹೊಸ ಕಂಪ್ಯೂಟರ್ ಕೊಡಿಸುವ ಮುನ್ನ

ತಂದೆತಾಯಂದಿರ ಕಿಸೆಗೆ ಸಂಬಂಧಿಸಿದ ಮಾತು ಇದು. ನಕ್ಷೆ ತೆವಳುತ್ತದೆ, ಪರದೆ ಕಪ್ಪಾಗುತ್ತದೆ, ಚಿತ್ರ ಹೊರತೆಗೆಯುವ ಹೊತ್ತಿಗೆ ತಂತ್ರಾಂಶ ಮುಚ್ಚಿಕೊಳ್ಳುತ್ತದೆ. 'ನಮ್ಮ ಕಂಪ್ಯೂಟರ್ ಡಬ್ಬಾ ಆಯಿತು' ಎಂಬ ರಾಗ ಶುರು.

ಲೆಕ್ಕ ಮಾಡಿ ನೋಡೋಣ. ಅಗಲ 2,048, ಎತ್ತರ 2,048 ಚುಕ್ಕಿಗಳ ನಕ್ಷೆಯೆಂದರೆ ಒಟ್ಟು ಸುಮಾರು 42 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣ ನೆನಪಿಡಲು ನಾಲ್ಕು ಬೈಟ್ ಎಂದರೆ ಒಂದು ಪದರಕ್ಕೆ 16 ಮೆಗಾಬೈಟ್. ಅದನ್ನೇ 8,192ಕ್ಕೆ 8,192 ಮಾಡಿದರೆ? ಬದಿ ನಾಲ್ಕು ಪಟ್ಟಾಯಿತು, ಚುಕ್ಕಿ ಹದಿನಾರು ಪಟ್ಟಾಯಿತು. ಒಂದು ಪದರಕ್ಕೆ 256 ಮೆಗಾಬೈಟ್. ಹಾಳೆಯಷ್ಟೇ ಅಗಲದ ಹತ್ತು ಪದರಗಳಿದ್ದರೆ ಎರಡೂವರೆ ಗಿಗಾಬೈಟ್ ಅಲ್ಲಿಗೇ ಮುಗಿಯಿತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿಗೆ ಅಷ್ಟು ಜಾಗವಿಲ್ಲದಿದ್ದರೆ ಅದು ಕೈಚೆಲ್ಲುತ್ತದೆ. ಕಪ್ಪು ಪರದೆಗೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ವಂಡರ್‌ಡ್ರಾಫ್ಟಿನಲ್ಲಿ ಹೊಸ ನಕ್ಷೆ ಆರಂಭಿಸುವಾಗಲೇ ಅಳತೆ ಕೇಳುತ್ತದೆ. ಮಕ್ಕಳು ಆಸೆಯಿಂದ ದೊಡ್ಡದನ್ನೇ ಆರಿಸುತ್ತಾರೆ. ಕಲಿಯುವ ಮೊದಲ ನಾಲ್ಕು ನಕ್ಷೆಗಳಿಗೆ ಸಣ್ಣ ಅಳತೆ ಸಾಕು. ಇಡೀ ಖಂಡಕ್ಕೊಂದು, ರಾಜಧಾನಿಯ ಸೀಮೆಗೆ ಇನ್ನೊಂದು ಎಂದು ಬೇರೆ ಬೇರೆ ನಕ್ಷೆ ಮಾಡುವುದು ಯಂತ್ರಕ್ಕೂ ಹಗುರ, ಕಣ್ಣಿಗೂ ಹಿತ. ನಿಜವಾದ ಅಟ್ಲಾಸುಗಳು ಮಾಡುವುದೂ ಹಾಗೆಯೇ ಅಲ್ಲವೇ?

ಇಂಕಾರ್ನೇಟ್ ಬ್ರೌಸರಿನೊಳಗೆ ಖಾಲಿ ಪರದೆ ತೋರಿಸಿದರೆ ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ 'ಹಾರ್ಡ್‌ವೇರ್ ಆಕ್ಸಲರೇಶನ್' ಚಾಲೂ ಇದೆಯೇ ನೋಡಬೇಕು. ಅದು ಬಂದ್ ಆಗಿದ್ದರೆ ಗ್ರಾಫಿಕ್ಸ್ ಚಿಪ್ಪನ್ನು ಬ್ರೌಸರು ಮುಟ್ಟುವುದೇ ಇಲ್ಲ. ಗ್ರಾಫಿಕ್ಸಿನ ಡ್ರೈವರ್ ಹಳೆಯದಾಗಿದ್ದರೂ ಇದೇ ಪಾಡು. ಇವೆರಡಕ್ಕೂ ಒಂದು ಪೈಸೆ ಖರ್ಚಿಲ್ಲ. ಇಷ್ಟೆಲ್ಲ ಆದ ಮೇಲೂ ತೆವಳಿದರೆ ಹೊಸ ಕಂಪ್ಯೂಟರಿನ ಮಾತು ಆಡಬಹುದು. ಬೀದಿಯ ಗೆಳೆಯರು ತಂದುಕೊಡುವ ಕದ್ದ ಪ್ರತಿಗಳನ್ನು ಹಾಕಿಕೊಂಡವರು ಮಾತ್ರ ದೂರು ಹೇಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಯಂತ್ರವನ್ನೂ.

ಅಂಗಡಿಯಲ್ಲಿ ಮಸುಕಾದ ಕಡಲು

ಪರದೆಯ ಮೇಲೆ ಕನ್ನಡಿಯಂತಿದ್ದ ನಕ್ಷೆ ಮುದ್ರಣದ ಅಂಗಡಿಯಿಂದ ಬರುವಾಗ ಮಂಜು ಕವಿದಿರುತ್ತದೆ. ಎ3 ಹಾಳೆಯಲ್ಲಿ ಅಂಗುಲಕ್ಕೆ 300 ಚುಕ್ಕಿಯಂತೆ ಮುದ್ರಿಸಲು 4,960ಕ್ಕೆ 3,508 ಚುಕ್ಕಿ ಬೇಕು. ಪರದೆಯ ಅಗಲ ಬಹುತೇಕ 1,920. ಅಷ್ಟನ್ನೇ ತೆಗೆದು ಎ3ಗೆ ಹಿಗ್ಗಿಸಿದರೆ ಅಂಗುಲಕ್ಕೆ 116 ಚುಕ್ಕಿ ಮಾತ್ರ ಸಿಗುತ್ತದೆ. ತುಂಡು ಬಟ್ಟೆಯಲ್ಲಿ ಪೂರ್ತಿ ಲಂಗ ಹೊಲಿಸಿದ ಹಾಗೆ. ಸಾಲದ್ದಕ್ಕೆ ಆ ಚಿತ್ರವನ್ನು ಅಂಗಡಿಗೆ ವಾಟ್ಸ್‌ಆಪಿನಲ್ಲಿ ಫೋಟೋ ಆಗಿ ಕಳಿಸಿರುತ್ತಾರೆ; ಅದು ದಾರಿಯಲ್ಲಿ ಇನ್ನಷ್ಟು ಹಿಂಡುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಪರದೆಯ ಹೊಳೆವ ನೀಲಿ ಶಾಯಿಯಲ್ಲಿ ಮಂಕಾಗುವುದು ಮಾತ್ರ ಯಾರ ತಪ್ಪೂ ಅಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಶಾಯಿಯಿಂದ. ಎ4ನಲ್ಲಿ ಒಂದು ಪ್ರತಿ ತೆಗೆಸಿ ನೋಡಿ, ಕಡಲನ್ನು ಸ್ವಲ್ಪ ತಿಳಿಯಾಗಿಸಿಕೊಂಡರಾಯಿತು.

ಒತ್ತಕ್ಷರದ ಪೇಚು

ಕನ್ನಡದ ಮಕ್ಕಳಿಗೆ ಮಾತ್ರ ಗೊತ್ತಿರುವ ಗೋಳೊಂದಿದೆ. ರಾಜಧಾನಿಗೆ 'ಚಂದ್ರಪಟ್ಟಣ' ಎಂದು ಹೆಸರಿಟ್ಟು ಟೈಪಿಸಿದರೆ ಒತ್ತಕ್ಷರಗಳು ಕಳಚಿಕೊಂಡು, ಪಕ್ಕಕ್ಕೆ ಸಾಲಾಗಿ ನಿಂತುಬಿಡುತ್ತವೆ. ಕೆಲವೊಮ್ಮೆ ಅಕ್ಷರದ ಬದಲು ಬರಿಯ ಚೌಕಗಳು.

ಚೌಕ ಬಂದರೆ ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲ ಎಂದರ್ಥ. ಫಾಂಟ್ ಬದಲಿಸಿದರೆ ಮುಗಿಯಿತು. ಒತ್ತು ಕಳಚುವುದು ಬೇರೆ ಕತೆ. ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಪದವಾಯಿತು. ಕನ್ನಡದಲ್ಲಿ ಒತ್ತು ಕೆಳಗಿಳಿಯಬೇಕು, ಗುಣಿತ ಅಂಟಿಕೊಳ್ಳಬೇಕು. ಆ ಜೋಡಣೆಯ ಕೆಲಸವನ್ನು ತಂತ್ರಾಂಶ ಕಲಿತಿರಬೇಕು. ಆಟಗಳನ್ನು ಕಟ್ಟಲು ಬಳಸುವ 'ಗೊಡೋ' ಎಂಬ ಹೆಸರಾಂತ ಚೌಕಟ್ಟಿಗೂ ಈ ವಿದ್ಯೆ ಬಂದದ್ದು 2023ರ ನಾಲ್ಕನೆಯ ಆವೃತ್ತಿಯಲ್ಲಿ. ಕಲಿಯದ ತಂತ್ರಾಂಶದ ಎದುರು ಎಷ್ಟು ಫಾಂಟ್ ಬದಲಿಸಿದರೂ ವ್ಯರ್ಥ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿ ತಂದರೆ ಇನ್ನೊಂದು ವಿಪರೀತ: ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು, ಫಾಂಟ್ ತಪ್ಪಿದರೆ ಅರ್ಥವಿಲ್ಲದ ಇಂಗ್ಲಿಷ್ ಚೂರುಗಳು ಕಾಣುತ್ತವೆ. ಯೂನಿಕೋಡಿನಲ್ಲೇ ಬರೆಯಬೇಕು.

ಸುತ್ತುದಾರಿಯೊಂದಿದೆ, ಕೆಲಸ ಕೆಡುವುದಿಲ್ಲ. ಉಚಿತವಾಗಿ ಸಿಗುವ 'ಇಂಕ್‌ಸ್ಕೇಪ್' ಅಥವಾ 'ಗಿಂಪ್' ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ನಕ್ಷೆಯನ್ನು ಹೆಸರುಗಳಿಲ್ಲದೆ ಚಿತ್ರವಾಗಿ ಹೊರತೆಗೆದು, ಇವುಗಳಲ್ಲಿ ತೆರೆದು, ಹೆಸರುಗಳನ್ನು ಮೇಲಿನ ಪದರದಲ್ಲಿ ಬರೆಯುವುದು. ನದಿಯ ಹೆಸರನ್ನು ಅದರ ಬಾಗಿನ ಜೊತೆಗೇ ಹರಿಸಬೇಕೆಂದರೆ ಇಂಕ್‌ಸ್ಕೇಪಿನಲ್ಲಿ ಅದಕ್ಕೂ ವಿಧಾನವಿದೆ. ತುಸು ಹೆಚ್ಚು ದುಡಿಮೆ, ನಿಜ. ಆದರೆ ಈ ತೊಂದರೆಗೆ ಹೆದರಿ ಊರಿನ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿಕೊಳ್ಳುವ ಮಕ್ಕಳನ್ನು ಕಂಡಾಗ ಆ ದುಡಿಮೆ ದೊಡ್ಡದೆನಿಸುವುದಿಲ್ಲ.

ನದಿ ಗುಡ್ಡ ಹತ್ತಿದರೆ

ಕೊನೆಯದು ತಂತ್ರಾಂಶದ ದೋಷವೇ ಅಲ್ಲದ ದೋಷ. ಇಂಕಾರ್ನೇಟ್, ವಂಡರ್‌ಡ್ರಾಫ್ಟ್‌ಗಳು ಕುಂಚದಂತೆ. ನದಿಯನ್ನು ಗುಡ್ಡದ ಮೇಲೆ ಹತ್ತಿಸಿದರೂ, ಒಂದು ಕೆರೆಯಿಂದ ನಾಲ್ಕು ದಿಕ್ಕಿಗೆ ಹರಿಸಿದರೂ ತಕರಾರು ಎತ್ತುವುದಿಲ್ಲ. ನಕ್ಷೆ ಮುಗಿದ ಮೇಲೆ 'ಏನೋ ಸರಿಯಿಲ್ಲ' ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ.

ನದಿಗಳು ಹರಿಯುತ್ತ ಕೂಡುತ್ತವೆ, ಸಾಮಾನ್ಯವಾಗಿ ಒಡೆಯುವುದಿಲ್ಲ. ಕಾವೇರಿಯನ್ನೇ ನೋಡಿ. ತಲಕಾವೇರಿಗೆ ಅರಬ್ಬಿ ಸಮುದ್ರ ಹತ್ತಿರ. ಆದರೂ ನೆಲದ ಇಳಿಜಾರು ಪೂರ್ವಕ್ಕಿರುವುದರಿಂದ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಯನ್ನೇ ಸೇರುತ್ತದೆ. ದಾರಿಯಲ್ಲಿ ಹೇಮಾವತಿ, ಕಬಿನಿ ಬಂದು ಕೂಡುತ್ತವೆ. ಶ್ರೀರಂಗಪಟ್ಟಣದಲ್ಲಿ, ಶಿವನಸಮುದ್ರದಲ್ಲಿ ಕವಲೊಡೆದರೂ ನಡುಗಡ್ಡೆಯನ್ನು ಬಳಸಿ ಮತ್ತೆ ಒಂದಾಗುತ್ತದೆ. ಶಾಶ್ವತವಾಗಿ ಕವಲಾಗುವುದು ಕಡಲ ಹತ್ತಿರದ ಸಮತಟ್ಟು ನೆಲದಲ್ಲಿ, ಇಳಿಜಾರು ತೀರಿದ ಮೇಲೆ.

ಅಜ್‌ಗಾರನ ತಂತ್ರಾಂಶ ಕುಂಚವಲ್ಲ, ಲೆಕ್ಕಿಗ. ಎತ್ತರ, ಗಾಳಿ, ಮಳೆಗಳನ್ನು ಎಣಿಸಿ ನದಿ ಹರಿಸುತ್ತದೆ. ಇಲ್ಲಿ ದೂರು ತಿರುಗುಮುರುಗು: 'ನನಗೆ ಕಾಡು ಬೇಕಾದ ಕಡೆ ಮರುಭೂಮಿ ಬರುತ್ತಿದೆ!' ಕುಂಚ ಹಿಡಿದು ಹಸಿರು ಬಳಿಯುವ ಮುನ್ನ ಗಾಳಿಯ ದಿಕ್ಕು ನೋಡಬೇಕು. ಮೋಡ ಹೊತ್ತ ಗಾಳಿ ಬೆಟ್ಟದ ಒಂದು ಬದಿಗೆ ಮಳೆ ಸುರಿಸಿ ಇನ್ನೊಂದು ಬದಿಗೆ ಬರಿಗೈಯಲ್ಲಿ ಇಳಿಯುತ್ತದೆ. ಆಗುಂಬೆಯ ಮಳೆಗೂ ಚಳ್ಳಕೆರೆಯ ಬಿಸಿಲಿಗೂ ನಡುವೆ ಇರುವುದು ಇದೇ ಗುಟ್ಟು. ತಂತ್ರಾಂಶದಲ್ಲಿ ಗಾಳಿಯ ಬಾಣವನ್ನು ತಿರುಗಿಸಿದರೆ ಕಾಡೂ ಮರುಭೂಮಿಯೂ ಜಾಗ ಬದಲಿಸುವುದನ್ನು ಕಣ್ಣಾರೆ ಕಾಣಬಹುದು. ನಾಡೆಲ್ಲ ಹಿಮವೇ ತುಂಬಿದ್ದರೆ ಅದನ್ನು ಭೂಗೋಳದ ಯಾವ ಅಕ್ಷಾಂಶದಲ್ಲಿ ಕೂರಿಸಲಾಗಿದೆ ಎಂದು ನೋಡಬೇಕು. ಧ್ರುವದ ಹತ್ತಿರ ಇಟ್ಟು ಮಾವಿನ ತೋಪು ಕೇಳಿದರೆ ಹೇಗೆ? ಪರೀಕ್ಷೆಗೆಂದು ಉರು ಹೊಡೆದ 'ಮಳೆನೆರಳಿನ ಪ್ರದೇಶ' ಎಂಬ ಪದ ಇಲ್ಲಿ ಹುಡುಗರ ಕೈಗೆ ಸಿಕ್ಕಿಬಿಡುತ್ತದೆ.

ಇಷ್ಟರಲ್ಲೂ ಬಗೆಹರಿಯದ ತೊಂದರೆ ಬಂದರೆ ತಯಾರಕರನ್ನೋ ಬಲ್ಲವರನ್ನೋ ಕೇಳಬೇಕಾಗುತ್ತದೆ. 'ನಕ್ಷೆ ಬರುತ್ತಿಲ್ಲ' ಎಂಬ ಒಂದು ಸಾಲಿಗೆ ಯಾರೂ ಮದ್ದು ಕೊಡಲಾರರು. ತಂತ್ರಾಂಶದ ಆವೃತ್ತಿ ಎಷ್ಟನೆಯದು, ಕಡೆಯದಾಗಿ ಒತ್ತಿದ್ದು ಏನು, ಪರದೆಯ ಮೇಲೆ ಬಂದ ಮಾತು ಯಾವುದು, ಹೊಸ ಖಾಲಿ ನಕ್ಷೆಯಲ್ಲೂ ಹಾಗೇ ಆಗುತ್ತದೆಯೇ ಎಂಬುದನ್ನು ಬರೆದುಕೊಂಡು ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಐದನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೇ ಗೊತ್ತು. ಈ ಪಟ್ಟಿ ಬರೆಯಲು ಕೂತಾಗಲೇ ಅರ್ಧ ಮಂದಿಗೆ ಉತ್ತರ ಹೊಳೆಯುವುದೂ ಉಂಟು. ಕಂಪ್ಯೂಟರಿನ ಗಂಧವಿಲ್ಲದ ಅಮ್ಮನೂ ಪಕ್ಕದಲ್ಲಿ ಕುಳಿತು 'ಆಮೇಲೆ ಏನು ಮಾಡಿದೆ?' ಎಂದು ಕೇಳುತ್ತ ಹೋಗಬಹುದು.

ಸ್ಟೀವನ್‌ಸನ್ನನ ಎರಡನೆಯ ನಕ್ಷೆ ಸಿದ್ಧವಾದದ್ದು ಆತನ ತಂದೆಯ ಕಚೇರಿಯಲ್ಲಿ. ತಂದೆ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭಗಳನ್ನು ಕಟ್ಟಿಸುತ್ತಿದ್ದ ಹೆಸರಾಂತ ಎಂಜಿನಿಯರ್. ಕಡಲಿನಲ್ಲಿ ನೀರು ಚಿಮ್ಮುವ ತಿಮಿಂಗಿಲಗಳೂ ಹಾಯಿ ಹಡಗುಗಳೂ ಮೂಡಿದವು. ಬಗೆಬಗೆಯ ಕೈಬರಹ ಅನುಕರಿಸುವುದರಲ್ಲಿ ಆ ತಂದೆಗೆ ಒಳ್ಳೆಯ ಪಳಗಿದ ಕೈ. ಕಡಲ್ಗಳ್ಳ ಕ್ಯಾಪ್ಟನ್ ಫ್ಲಿಂಟನ ಸಹಿಯನ್ನು ನಕ್ಷೆಯ ಮೇಲೆ ಗೀಚಿಕೊಟ್ಟದ್ದು ಆತನೇ.